ಕೆಂಚಿಯ ಹಿಂದೆ ಹೋಗುವಾಗ

ಮೂಗಯ್ಯನನ್ನು ನನ್ನ ತಕ್ಕಡಿಗೆ ಹತ್ತಿಸಿದರೆ ಒಂದು ಮೂಟೆ ಬೂಸಾಕ್ಕೂ ಸಮ ತೂಗುವುದಿಲ್ಲ. ಬಣ್ಣ ಹೋದ ಖಾಕಿ ಅಂಗಿ, ಎಲೆ ಅಡಿಕೆಗೆ ಕೆಂಪಾಗಿ ಉಳಿದಿರುವ ಕೆಲವೇ ಹಲ್ಲು, ಒಳ್ಳೆಯ ಹುರುಳಿಯಲ್ಲೂ ಹುಳು ಹುಡುಕುವ ಕಣ್ಣು. ಕೆಸರೆಯ ನನ್ನ ಅಂಗಡಿಗೆ ಬರುವ ಟಾಂಗಾದವರಲ್ಲಿ ಇಷ್ಟು ಚೌಕಾಸಿ ಮಾಡುವವನು ಬೇರೆ ಇಲ್ಲ. ಮಾರುವ ಸರಕಾಗಿದ್ದರೆ ನಾನಂತೂ ಕೊಳ್ಳುತ್ತಿರಲಿಲ್ಲ.

ನನ್ನ ತಮ್ಮ ಚಂದ್ರಮೌಳಿ ಮಾತ್ರ ಅವನಿಗೇ ಒಲಿದ.

ತಮ್ಮ ಗಡಿಯಲ್ಲಿದ್ದು, ಸೇನೆಯಿಂದ ನಿವೃತ್ತನಾಗಿ ಬಂದವನು. ಬರುವಾಗ ಮಾತನ್ನು ಅಲ್ಲೇ ಬಿಟ್ಟು ಬಂದಂತಿದ್ದ. ಅಂಗಡಿಯಲ್ಲಿ ಮೂಟೆ ದೊಪ್ಪನೆ ಬಿದ್ದರೆ ಗೋಡೆಗೆ ಒರಗಿ ಬೆವರುತ್ತಿದ್ದ. ಡಾಕ್ಟರ ಮಾತ್ರೆಯಿಂದ ನಿದ್ದೆ ಬಂತು, ಮಾತು ಬರಲಿಲ್ಲ. ಗಲ್ಲಾದ ಮುಂದಿನ ಕುರ್ಚಿ ಬಿಟ್ಟುಕೊಟ್ಟೆ, ಹೊಸ ಫೋನ್ ಕೊಡಿಸಿದೆ, ಮಠಕ್ಕೆ ಕರೆದೊಯ್ದು ಸ್ವಾಮಿಗಳ ಕಾಲಿಗೆ ಬೀಳಿಸಿದೆ. ಒಂದಕ್ಕೂ ಹೂಂ ಎನ್ನಲಿಲ್ಲ. ಅಂಥವನು ಒಮ್ಮೆ ಹುರುಳಿ ತಲುಪಿಸಲು ಮೂಗಯ್ಯನ ಲಾಯಕ್ಕೆ ಹೋದ, ಸಂಜೆಯಾದರೂ ಬರಲಿಲ್ಲ. ಮಾರನೆಯ ದಿನವೂ ಅಲ್ಲಿಗೇ ನಡೆದ.

ಹೊಟ್ಟೆ ಉರಿಯಿತು. ನೋಡಿಯೇಬಿಡೋಣವೆಂದು ಹೋದೆ. ಲಾಯದೊಳಗೆ ತಮ್ಮನ ದನಿ. ಕೆಂಚಿ ಎಂಬ ಹೆಣ್ಣು ಕುದುರೆಯ ಬೆನ್ನ ಮೇಲೆ ಕೈಯಿಟ್ಟು, ಅದರ ಹಿಂದಕ್ಕೆ ಸರಿಯುತ್ತ, ಹಿಮದಡಿ ಸಿಕ್ಕಿ ಸತ್ತ ಗೆಳೆಯನ ಕಥೆ ಹೇಳುತ್ತಿದ್ದ. ಅಣ್ಣನಿಗೆ ಹೇಳದ್ದನ್ನು, ಅಣ್ಣನ ಅಂಗಡಿಯ ಹುರುಳಿ ತಿನ್ನುವ ಕುದುರೆಗೆ.

"ಅದೇನ್ ಮದ್ದು ಹಾಕ್ದೆಯೋ ಅವನಿಗೆ?" ಎಂದು ಮೂಗಯ್ಯನನ್ನು ಕೇಳಿದೆ.

"ಎಂಥ ಮದ್ದು ಸಾವ್ಕಾರ್ರೇ. ಕುದ್ರೆ ಇಂದ್ಗಡೆ ಓಗೋವಾಗ ಮಾತಾಡ್ತಾ ಓಗ್ಬೇಕು. ಸುಮ್ನೆ ಓದ್ರೆ ಬೆದರ್ಕೊಂಡು ಒದ್ದುಬುಡ್ತದೆ. ಮೊದಲ್ನೇ ದಿನ, 'ಓ ಕೆಂಚಿ' ಅಂತನಾರ ಅನ್ನಿ ಅಂದೆ. ಈಗ ಅವರ್ಗೇ ನಿಲ್ಸಕ್ಕಾಗ್ತಿಲ್ಲ."

"ನಾನೂ ಬೇಕಾದಷ್ಟು ಮಾತಾಡಿಸ್ದೆ ಕಣಯ್ಯ. ನನಗಿಂತ ಕುದ್ರೆ ಹೆಚ್ಚಾ?"

"ನೀವು ಎದುರ್ಗೆ ಕೂತು 'ಏನಾಯ್ತೋ, ಯಾಕೋ' ಅಂತೀರಿ. ಇಂದ್ಗಡೆಯಿಂದ ಬರೋವಾಗ ಮಾತ್ರ ಬೆಕ್ಕಿನಂಗೆ ಬತ್ತೀರಿ. ಕೆಂಚಿ ಆಗಿದ್ರೆ ಯಾವತ್ತೋ ಒದ್ದಿರೋಳು."



ಮರುದಿನ ಬೆಳಿಗ್ಗೆ ತಮ್ಮ ಅಂಗಡಿಯೊಳಗೆ ಬಾಗಿಲಿಗೆ ಬೆನ್ನು ಮಾಡಿ ಚೀಲ ಹೊಲಿಯುತ್ತ ಕೂತಿದ್ದ. ಹೊಸಿಲ ಮೇಲಿಂದಲೇ, "ಚಂದ್ರು, ನಾನು ಕಣೋ, ನಿನ್ನ ಹಿಂದೆ ಬರ್ತಿದೀನಿ" ಎಂದೆ. ಅವನ ಭುಜ ಬೆದರಲಿಲ್ಲ.

"ಬಾ ಅಣ್ಣ" ಎಂದ. "ಕೆಂಚಿಗೆ ಕಳಿಸ್ತಿರೋ ಹುರುಳೀಲಿ ಕಲ್ಲು ಜಾಸ್ತಿ."

ಅರ್ಧ ದಿನ ಅವನು ಈಗಲೂ ಆ ಲಾಯದಲ್ಲೇ ಇರುತ್ತಾನೆ. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೂ ತಮ್ಮ ನನ್ನನ್ನು ಮತ್ತೆ ಅಣ್ಣ ಎಂದು ಕರೆದದ್ದು ಮೂಗಯ್ಯನಿಂದ. ಆ ಋಣ ನನ್ನ ಮೇಲಿದೆ.