ಮತ್ತೋಡಿಗೆ ಹೋದ ಸಕ್ಕರೆ ಆನೆ

ಚಿತ್ರದುರ್ಗದ ನಮ್ಮ ಬೀದಿಯಲ್ಲಿ ಏಕಾಂತಮ್ಮನ ಬಾಯಿಗೆ ಹೆದರದವರಿರಲಿಲ್ಲ, ಆಕೆಯ ಸಕ್ಕರೆ ಗೊಂಬೆಗೆ ಆಸೆಪಡದವರೂ ಇರಲಿಲ್ಲ. ಗಂಡ ತೀರಿಕೊಂಡ ಮೇಲೆ ಅವನ ಮನೆತನದ ಮರದ ಅಚ್ಚುಗಳೇ ಆಕೆಗೆ ಅನ್ನ. ನಾಯಕರ ಔತಣಗಳಲ್ಲಿ ಪಂಕ್ತಿಯ ನಡುವೆ ಸಕ್ಕರೆಯ ಕೋಟೆ, ಆನೆ, ಅಂಬಾರಿ ಎರೆದು ನಿಲ್ಲಿಸುತ್ತಿದ್ದರಂತೆ. ಪರವೂರಿನ ಸರದಾರರು ಅದನ್ನು ನೋಡುತ್ತ ಎಲೆಯ ಮೇಲಿನ ಅನ್ನ ಮರೆಯುತ್ತಿದ್ದರಂತೆ. ಎರೆದವರು ತನ್ನ ಗಂಡನ ಹಿರಿಯರಂತೆ. ಸಾಕ್ಷಿ ಕೇಳಿದವರಿಗೆ ಸೌಟು ತೋರಿಸುತ್ತಿದ್ದಳು. ಅರಮನೆ ಹೋಯಿತು, ಆನೆ ಗೌರಿ ಹುಣ್ಣಿಮೆಯ ಆರತಿ ತಟ್ಟೆಗೆ ಬಂತು.

ನಮ್ಮ ಕಡೆ ನಿಶ್ಚಯವಾದ ಹುಡುಗಿಗೆ ಗಂಡಿನ ಮನೆಯವರು ಹುಣ್ಣಿಮೆಗೆ ಸೀರೆಯ ಜೊತೆ ಸಕ್ಕರೆ ಆರತಿ, ಅಂದರೆ ಆರತಿ ತಟ್ಟೆಗೆ ಇಡುವ ಸಕ್ಕರೆ ಗೊಂಬೆ ಕೊಡಬೇಕು. ಅದು ಮುಕ್ಕಾಗಬಾರದು. ಮುಕ್ಕಾದರೆ ಸಂಬಂಧವೇ ಮುರಿದಂತೆ ಎನ್ನುವವರು ಬೇಕಾದಷ್ಟು ಜನ. ಎಪ್ಪತ್ನಾಲ್ಕರ ಕಾರ್ತಿಕದಲ್ಲಿ ಐಮಂಗಲದ ಉಚ್ಚಂಗೆಮ್ಮ, ತನ್ನ ಮಗನಿಗೆ ಗೊತ್ತಾಗಿದ್ದ ಮತ್ತೋಡಿನ ನಾಗಕ್ಕನಿಗೆ ಅಂಬಾರಿ ಹೊತ್ತ ಆನೆ ಮಾಡಿಸಿದಳು. ಆನೆ ಮತ್ತೋಡಿಗೇ ತಲುಪಲಿ, ಸೀರೆ ಹಿಡಿದು ನಾನೂ ಅಲ್ಲಿಗೇ ಬರುತ್ತೇನೆ ಎಂದಳು. ನಾಗಕ್ಕನಿಗೆ ಹಿಂದೆ ಒಂದು ಸಂಬಂಧ ತಪ್ಪಿತ್ತು. ಇದೂ ತಪ್ಪಿದರೆ ಇನ್ನೊಬ್ಬ ಗಂಡು ಹೊಸಿಲು ತುಳಿಯುವುದಿಲ್ಲವೆಂದು ಅವಳ ತಾಯಿ ಬಸಮ್ಮ ಕಂಡಕಂಡವರ ಮುಂದೆ ಅಳುತ್ತಿದ್ದಳು.

ಆನೆಯನ್ನು ಯಾರ ಕೈಗೂ ಕೊಡದೆ ಏಕಾಂತಮ್ಮ ತಾನೇ ಬಸ್ಸು ಹತ್ತಿದಳು. ಬುಟ್ಟಿ ಹಿಡಿಯಲು ಜೊತೆಗೆ ಪಕ್ಕದ ಮನೆಯ ನಾನು. ಹೊಳಲ್ಕೆರೆ ಹತ್ತಿರ ಕುರಿಹಿಂಡು ಅಡ್ಡ ಬಂದು ಡ್ರೈವರ್ ಬ್ರೇಕ್ ಹಾಕಿದ. ಬುಟ್ಟಿಯೊಳಗೆ ಟಕ್ ಎಂದಿತು. ಬಟ್ಟೆ ಸರಿಸಿದರೆ ಸೊಂಡಿಲು ಬೇರೆ, ಆನೆ ಬೇರೆ.

"ತಿರುಗಿ ಹೋಗಾಣ ಅಕ್ಕ," ಎಂದೆ.

"ಹೋಗಿ? ಸಂಜಿಗೆ ಆರತಿ. ಆ ಹುಡುಗಿ ಬರೇ ತಟ್ಟೆ ಹಿಡ್ಕಂಡು ನಿಂತ್ಕಬೇಕಾ?"

ಹೊಳಲ್ಕೆರೆ ಬಸ್‌ಸ್ಟ್ಯಾಂಡಿನ ಹೋಟೆಲಿನ ಒಲೆಯ ಮೇಲೆ ಪಾಕ ಕಾಯಿಸಿ ಸೊಂಡಿಲು ಅಂಟಿಸಿದಳು. ಮೋಡ ಕವಿದಿತ್ತು. ತೇವದ ಹವೆಯಲ್ಲಿ ಸಕ್ಕರೆ ಬೆವರುತ್ತದೆ, ಅಂಟು ಹಿಡಿಯುವುದಿಲ್ಲ. ಹೊಸದುರ್ಗ ದಾಟಿದರೂ ಅದನ್ನು ಬೆರಳಲ್ಲಿ ಒತ್ತಿ ಹಿಡಿದೇ ಕೂತಿದ್ದಳು. ಏಕಾಂತಮ್ಮ ಬಾಯಿಮುಚ್ಚಿ ಕೂತದ್ದನ್ನು ನಾನು ನೋಡಿದ್ದು ಅವತ್ತೇ. ನನಗೆ ನಿಜಕ್ಕೂ ಭಯವಾಯಿತು.

ಮತ್ತೋಡಿನಲ್ಲಿ, ವಿಧವೆಯೆಂದು ಆಕೆಯನ್ನು ಜಗಲಿಯಲ್ಲೇ ಕೂರಿಸಿದರು. ಗೊಂಬೆ ಬೇಕು, ಗೊಂಬೆ ಮಾಡಿದವಳು ಬೇಡ. ನನ್ನ ಮೈ ಉರಿಯಿತು. ಬಾಗಿಲಿನಿಂದಲೇ ನೋಡಿದೆವು. ನಾಗಕ್ಕ ಗೌರಿಯ ಮುಂದೆ ತಟ್ಟೆ ಎತ್ತಿಕೊಂಡಳು. ಆನೆಯ ಮುಂದೆಯೇ ದೀಪ ಇಟ್ಟಿದ್ದರು, ಕಾವು ನೇರವಾಗಿ ಸೊಂಡಿಲ ಬುಡಕ್ಕೆ. ಅಂಟಿಸಿದ ಜಾಗ ಹೊಳೆಯತೊಡಗಿತು. ಸೊಂಡಿಲು ನಿಧಾನಕ್ಕೆ ಜಗ್ಗಿತು. ಹುಡುಗಿಗೂ ಅದು ಕಂಡಿತು.

"ಅದ್ಯಾಕೆ ಬಾಗ್ತೈತೆ?" ಎಂದಳು ಉಚ್ಚಂಗೆಮ್ಮ. ಬಸಮ್ಮ ಕಂಬ ಹಿಡಿದುಕೊಂಡಳು.

ಏಕಾಂತಮ್ಮ ಹೊಸಿಲು ದಾಟಿದಳು. ಯಾರಾದರೂ ತಡೆಯುವಷ್ಟರಲ್ಲಿ ಸೊಂಡಿಲು ಕಿತ್ತು ಬಾಯಿಗೆ ಹಾಕಿಕೊಂಡು ಕಟಕಟನೆ ಅಗಿದಳು.

"ಬಸ್ನಾಗೆ ಮುರೀತ್ರಿ. ಅಂಟಿಸ್ಕಂಡು ತಂದೆ. ತಪ್ಪು ನಂದು. ಕೇಡು ಏನಿದ್ರೂ ನನ್ನ ಹೊಟ್ಟೆಗೆ ಹೋತು. ನಂದಿನ್ನೇನು ಕೆಡದೈತೆ? ಹುಡುಗೀಗೆ ಒಂದು ಮಾತು ಅನ್ನಬ್ಯಾಡ್ರಿ."

ಉಚ್ಚಂಗೆಮ್ಮ ಆಕೆಯ ಮುಖವನ್ನೇ ನೋಡುತ್ತ ನಿಂತಳು. ಕೊನೆಗೆ ನಾಗಕ್ಕನ ಕಡೆ ತಿರುಗಿ, "ಎತ್ತವ್ವ ಆರತಿ. ಗೌರಮ್ಮ ಕಾಯ್ತಾ ಅವಳೆ," ಎಂದಳು.

ಮಾಘದಲ್ಲಿ ಮದುವೆ ಗೊತ್ತಾಯಿತು. ನನಗೆ ಕರೆಯೋಲೆ ಬಂತು, ಏಕಾಂತಮ್ಮನಿಗೆ ಬರಲಿಲ್ಲ. ಇಂಥವರ ಮನೆಯ ಊಟವೇ ಬೇಡ, ನಾನೂ ಹೋಗುವುದಿಲ್ಲ ಎಂದು ಆಕೆಯ ಮುಂದೆ ಹಾರಾಡಿದೆ.

"ನೀನು ಹೋಗು," ಎಂದಳು ಏಕಾಂತಮ್ಮ. "ಹುಡುಗಿ ಬಾಸಿಂಗ ಕಟ್ಕಂಡು ಹೆಂಗೆ ಕಾಣ್ತಾಳೆ ಅಂತ ಬಂದು ನನಗೆ ಹೇಳು."