ಅರ ಬಿಟ್ಟು ಕಲ್ಲು ಹಿಡಿದ ಅತ್ತಿಗೆ

ನಮ್ಮ ಅತ್ತಿಗೆಗೆ ಹಟ ಜಾಸ್ತಿ ಎಂದು ನಾನು ಹೇಳಿದರೆ ಅದು ಚಾಡಿಯಲ್ಲ. ಅವರ ಎದುರಿಗೇ ಎಷ್ಟೋ ಸಲ ಹೇಳಿದ್ದೇನೆ. ಅವರೂ ‘ಹೌದು, ಏನೀಗ?’ ಎಂದು ತಮ್ಮ ಕೆಲಸ ಮುಂದುವರಿಸಿದ್ದಾರೆ. ಅಣ್ಣನದು ಮರ ಕೊಯ್ಯುವ ಚೈನ್ ಗರಗಸಗಳನ್ನು ರಿಪೇರಿ ಮಾಡುವ ಅಂಗಡಿ. ಪಕ್ಕದ ಮಳಿಗೆಯಲ್ಲಿ ನಾನು ಬೈಕುಗಳಿಗೆ ಸೀಟ್ ಕವರ್ ಹೊಲಿಯುತ್ತೇನೆ. ನಡುವೆ ಇರುವುದು ಬರೀ ಒಂದು ತಗಡಿನ ಗೋಡೆ. ಅತ್ತ ಕಡೆ ಸೀನಿದರೆ ಇತ್ತ ಕಡೆ ಕೇಳುತ್ತದೆ. ಹಾಗಾಗಿ ಈ ಕಥೆಯಲ್ಲಿ ನಾನು ಕಂಡದ್ದು ಅರ್ಧ, ಗೋಡೆಯಾಚೆಯಿಂದ ಕೇಳಿಸಿಕೊಂಡದ್ದು ಅರ್ಧ.

ಅಂಗಡಿಯಲ್ಲಿ ಇಂಜಿನ್ ಅಣ್ಣನದು, ಚೈನು ಅತ್ತಿಗೆಯದು. ಮದುವೆಯಾದ ಹೊಸತರಲ್ಲಿ ಅತ್ತಿಗೆ ಅಣ್ಣನಿಗೆ ಊಟದ ಡಬ್ಬಿ ತರುತ್ತಿದ್ದರು. ಅವನು ಉಣ್ಣುವಷ್ಟು ಹೊತ್ತು ಕೈಕಟ್ಟಿ ಕೂರಲಾರದೆ ಅಲ್ಲಿದ್ದ ಅರವನ್ನು ಕೈಗೆತ್ತಿಕೊಂಡರು. ಗರಗಸದ ಚೈನಿನಲ್ಲಿ ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ, ಹೀಗೆ ಸಾಲಾಗಿ ಇರುತ್ತವೆ. ಅವು ಹರಿತವಾಗಲು ದುಂಡನೆಯ ಅರದಿಂದ ಒಂದೊಂದನ್ನೂ ಒಂದೇ ಓರೆಯಲ್ಲಿ, ಒಂದೇ ಉದ್ದಕ್ಕೆ ಉಜ್ಜಬೇಕು. ಒಂದು ಕಡೆಯವು ಗಿಡ್ಡವಾದರೆ ಗರಗಸ ಮರದೊಳಗೆ ನೆಟ್ಟಗೆ ಇಳಿಯದೆ ಸೊಟ್ಟಗೆ ಹೊರಳುತ್ತದೆ. ಅಣ್ಣನಿಗೆ ಆ ತಾಳ್ಮೆ ಎಲ್ಲಿಂದ ಬರಬೇಕು? ಕೆಲವೇ ದಿನಗಳಲ್ಲಿ ಗಿರಾಕಿಗಳು ‘ಅಕ್ಕ ಉಜ್ಜಿದ್ದೇ ಕೊಡಿ’ ಎಂದು ಕೇಳತೊಡಗಿದರು. ಅಣ್ಣ ಮೊದಲು ಮುಖ ಊದಿಸಿಕೊಂಡ, ಗಿರಾಕಿಗಳು ಹೆಚ್ಚಿದ ಮೇಲೆ ತಾನೇ ಇಳಿಸಿಕೊಂಡ. ಬಾಗಿಲ ಬಲಗಡೆಯ ಮೂಲೆ ಅತ್ತಿಗೆಯದಾಯಿತು.

ಆ ಮೂಲೆಗೆ ಬರುವವರಲ್ಲಿ ದೊಡ್ಡ ಗಿರಾಕಿ ಎಂದರೆ ಮರದ ಮೇಸ್ತ್ರಿ. ರಸ್ತೆಬದಿಯ ಮರಗಳಲ್ಲಿ ಮುರಿದು ಬೀಳುವಂತಿರುವ ಕೊಂಬೆಗಳನ್ನು ಇಳಿಸುವ ತಂಡ ಅವರದು. ಕೂದಲು ಬೆಳ್ಳಗಾದರೂ ಕಷ್ಟದ ಕೊಂಬೆಗೆ ಅವರೇ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಹತ್ತುತ್ತಾರೆ. ಅಷ್ಟು ಮೇಲೆ ನಿಂತಾಗ ಗರಗಸ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಚೈನು ಮೊಂಡಾಗಿದ್ದರೆ ಮೈಭಾರ ಹಾಕಿ ಒತ್ತಬೇಕಾಗುತ್ತದೆ, ಒತ್ತುವವನ ಕಾಲು ಎಲ್ಲಿ ಜಾರುತ್ತದೆಂದು ಹೇಳಲಾಗದು. ‘ನನ್ನ ಜೀವ ನಿನ್ನ ಕೈಯಲ್ಲಿದೆ ತಂಗಿ’ ಎಂದು ಅವರು ಅತ್ತಿಗೆಗೆ ನಗುತ್ತಲೇ ಹೇಳುತ್ತಿದ್ದರು. ಅತ್ತಿಗೆ ಮಾತ್ರ ಆ ಮಾತಿಗೆ ಎಂದೂ ನಕ್ಕಿದ್ದನ್ನು ನಾನು ನೋಡಿಲ್ಲ.

ಅಂಥ ಕೈಯೇ ಕೈಕೊಟ್ಟಿತು. ಬಲಗೈ ಹೆಬ್ಬೆರಳ ಬುಡದಲ್ಲಿ ಮೊದಲು ಜೋಮು, ಆಮೇಲೆ ನೋವು, ಆಮೇಲೆ ಲೋಟ ಹಿಡಿದರೂ ಜಾರತೊಡಗಿತು. ಡಾಕ್ಟರು ನೋಡಿ, ಹೀಗೇ ಉಜ್ಜುತ್ತಾ ಹೋದರೆ ಹಿಡಿತವೇ ಹೋಗಿಬಿಡುತ್ತದೆ, ಅರ ಮುಟ್ಟಲೇಬೇಡಿ ಎಂದರು. ಅಣ್ಣ ಅದನ್ನು ಕೇಳಿಕೊಂಡು ಬಂದವನೇ ಮೂಲೆಯ ಅಳತೆ ತೆಗೆದ. ಅಲ್ಲಿ ಆಯಿಲ್ ಡಬ್ಬಿ, ಬಿಡಿಭಾಗ ಇಡಲು ಗಾಜಿನ ಬೀರು ಮಾಡಿಸುವುದೆಂದು ಅವನ ಯೋಚನೆ. ಕೆಟ್ಟ ಮನಸ್ಸಿನಿಂದಲ್ಲ, ಹೆಂಡತಿ ದುಡಿದದ್ದು ಸಾಕು, ಇನ್ನಾದರೂ ಆರಾಮಾಗಿರಲಿ ಎಂದು.

‘ಮನೇಲಿ ರೆಸ್ಟ್ ತಗೋ. ಚೈನ್ ಕೆಲಸ ನಿಲ್ಲಿಸಿಬಿಡೋಣ,’ ಎಂದ.

‘ರೆಸ್ಟ್ ತಗೊಂಡು ಏನ್ ಮಾಡ್ಲಿ? ಗೋಡೆ ನೋಡ್ತಾ ಕೂತ್ಕೊಳ್ಲಾ?’

‘ಕೈ ಹೋದ್ರೆ ಏನ್ ಮಾಡ್ತೀಯ?’

ಅತ್ತಿಗೆ ಅಲ್ಲಿಂದ ಎದ್ದರು. ನನ್ನ ಮಳಿಗೆಗೆ ಬಂದು ಅರ್ಧ ಹೊಲಿದ ಸೀಟಿನ ಮೇಲೆ ಕೂತರು. ‘ಆ ಮೂಲೆ ಹೋದ್ರೆ ನಾನು ಯಾರು ಹೇಳು. ನಿಮ್ಮಣ್ಣನಿಗೆ ಊಟ ತರೋಳು, ಅಷ್ಟೇ ತಾನೆ?’ ಎಂದರು. ಅವರಿಗೆ ನಿಜವಾಗಿ ಭಯವಾಗಿತ್ತು. ಬಾಯಿಬಡುಕನಾದ ನಾನೂ ಸೂಜಿ ಕೆಳಗಿಟ್ಟೆ. ಆಮೇಲೆ ಅವರೇ ಥಟ್ಟನೆ ಎದ್ದು, ‘ಚೈನ್ ಸಾಣೆ ಹಿಡಿಯೋ ಗ್ರೈಂಡರ್ ತರೋಣ, ಬಾ’ ಎಂದರು.

ಮನೆಯಲ್ಲಿ ನಮ್ಮಮ್ಮ, ‘ಒಂದು ಗ್ರೈಂಡರ್ ಚೆನ್ನಾಗಿ ಓಡ್ತಿದೆಯಲ್ಲ, ಇನ್ನೊಂದು ಯಾಕೆ?’ ಎಂದು ಕೇಳಿದರು. ‘ಅದರಲ್ಲಿ ಚೈನ್ ಹಾಕಿದ್ರೆ ನಿಮ್ಮ ಮಗ ಊಟ ಮಾಡಲ್ಲ ಅತ್ತೆ,’ ಎಂದು ಅತ್ತಿಗೆ ಚಪ್ಪಲಿ ಮೆಟ್ಟಿಕೊಂಡರು.

ಸಾಮಾನಿನ ಅಂಗಡಿಯವನ ಬಾಯಿಗೆ ಬೀಗವೇ ಇಲ್ಲ. ಮೊದಲು ಪೆನ್ನಿನಂಥ ಒಂದು ಸಣ್ಣ ಗ್ರೈಂಡರ್ ತೋರಿಸಿ, ಕೈಯಲ್ಲೇ ಹಿಡಿದು ಮಾಡಬಹುದು ಎಂದ. ‘ಹಿಡಿಯೋಕೆ ಆಗಲ್ಲ ಅಂತಲೇ ಬಂದಿರೋದು’ ಎಂದು ಅತ್ತಿಗೆ ಬದಿಗಿಟ್ಟರು. ಎರಡನೆಯದು ಪ್ಲಾಸ್ಟಿಕ್ ಮೈಯದು, ನೋಡಲು ಅಂದವಾಗಿತ್ತು. ಅತ್ತಿಗೆ ಅದರ ಕಲ್ಲು ಕೂರುವ ತೋಳನ್ನು ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದರು. ಸಡಿಲ ಹಲ್ಲಿನ ಹಾಗೆ ಆಡಿತು. ‘ಇದು ಒಂದು ಹಲ್ಲು ಒಂದು ಓರೆಗೆ, ಇನ್ನೊಂದು ಇನ್ನೊಂದು ಓರೆಗೆ ಕೊಯ್ಯುತ್ತೆ,’ ಎಂದರು. ಕೊನೆಗೆ ಒಪ್ಪಿದ್ದು ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಎರಕದ ಕಬ್ಬಿಣದ ಭಾರಿ ಯಂತ್ರವನ್ನು. ಅದರ ದವಡೆ ಚೈನನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುತ್ತಿತ್ತು, ತೋಳು ಒಂದಿಷ್ಟೂ ಮಿಸುಕುತ್ತಿರಲಿಲ್ಲ. ಯಂತ್ರದ ಜೊತೆ ಬಂದ ಬೂದು ಬಣ್ಣದ ದುಂಡು ಸಾಣೆಕಲ್ಲು ಎಲ್ಲ ಚೈನಿಗೂ ಆಗುತ್ತದೆ ಎಂದು ಅಂಗಡಿಯವನು ಆಣೆ ಮಾಡಿದ. ಯಂತ್ರವನ್ನು ಅಷ್ಟು ಪರೀಕ್ಷಿಸಿದ ಅತ್ತಿಗೆ ಕಲ್ಲಿನ ವಿಷಯಕ್ಕೆ ಅವನ ಮಾತು ನಂಬಿದರು.

ಮೇಸ್ತ್ರಿಗೆ ಗ್ರೈಂಡರ್ ಕಂಡರಾಗದು. ಎಲ್ಲೋ ಒಮ್ಮೆ ಯಂತ್ರಕ್ಕೆ ಕೊಟ್ಟ ಚೈನು ಮರದ ನಡುವೆ ಕೈಕೊಟ್ಟು ಅವರಿಗೆ ಸಾಕುಬೇಕಾಗಿತ್ತು. ‘ನೀನು ಅಂತ ಕೊಡ್ತಿದೀನಿ’ ಎಂದು ಒಂದು ಚೈನು ಕೊಟ್ಟು ಹೋದರು. ಅತ್ತಿಗೆ ಕನ್ನಡಕ ಹಾಕಿಕೊಂಡು, ನೋವಿಲ್ಲದ ಎಡಗೈಯಿಂದ ಯಂತ್ರದ ತೋಳನ್ನು ಎಳೆದು ಒಂದೊಂದು ಹಲ್ಲಿಗೂ ಕಲ್ಲು ಒತ್ತಿದರು. ಕಿಡಿ ಹಾರಿದ್ದೇ ಹಾರಿದ್ದು. ಅರದಲ್ಲಿ ಒಂದು ಬೆಳಗು ಹಿಡಿಯುವ ಕೆಲಸ ಒಂದು ಲೋಟ ಟೀ ಆರುವುದರೊಳಗೆ ಮುಗಿಯಿತು. ನನಗಂತೂ ಖುಷಿಯಾಗಿ, ಇಷ್ಟು ದಿನ ಸುಮ್ಮನೆ ಕೈ ಸವೆಸಿಕೊಂಡಿರಿ ಎಂದೆ.

ಮರುದಿನ ಮೇಸ್ತ್ರಿ ಬಂದು ಚೈನನ್ನು ಬೆಂಚಿನ ಮೇಲೆ ಇಟ್ಟರು. ಎಸೆಯಲಿಲ್ಲ, ಇಟ್ಟರು. ಎಸೆದಿದ್ದರೇ ವಾಸಿಯಿತ್ತು.

‘ಮೇಲೆ ಹೋಗಿ ಎರಡು ಕೊಂಬೆ ಕೊಯ್ಯೋದ್ರೊಳಗೆ ಮೊಂಡು. ಸಿಪ್ಪೆ ಬರಲ್ಲ, ಹಿಟ್ಟು ಬರುತ್ತೆ. ಅಲ್ಲೇ ಅರ ಹಾಕೋಣ ಅಂದ್ರೆ ಅರನೂ ಹಿಡಿಯಲ್ಲ, ಗಾಜಿನ ಮೇಲೆ ಜಾರಿದ ಹಾಗೆ ಜಾರುತ್ತೆ.’

ಅತ್ತಿಗೆ ಚೈನನ್ನು ಬೆಳಕಿಗೆ ಹಿಡಿದರು. ಹಲ್ಲಿನ ತುದಿಗಳು ನೀಲಿಗಟ್ಟಿದ್ದವು. ಉಕ್ಕು ಸುಟ್ಟುಹೋಗಿತ್ತು.

‘ತಪ್ಪು ತಿಳ್ಕೋಬೇಡ ತಂಗಿ,’ ಎಂದರು ಮೇಸ್ತ್ರಿ. ‘ಸೇತುವೆ ಆಚೆ ಒಬ್ಬ ಇನ್ನೂ ಅರದಲ್ಲೇ ಉಜ್ತಾನೆ. ನಿನ್ನಷ್ಟು ಚೆನ್ನಾಗಿಲ್ಲ, ಆದ್ರೆ ಸುಡಲ್ಲ. ಅವನ ಹತ್ರ ಕೊಡ್ತೀನಿ.’

ಮೇಸ್ತ್ರಿ ಹೋದದ್ದನ್ನು ನೋಡಿ ಉಳಿದ ಗಿರಾಕಿಗಳೂ ಒಬ್ಬೊಬ್ಬರಾಗಿ ಅತ್ತ ಸರಿದರು. ಅಣ್ಣ ಕರೆಸಿದ, ಬೀರು ಮಾಡುವ ಬಡಗಿ ಬಂದು ಮೂಲೆ ನೋಡಿ ಹೋದ. ನನಗೆ ಸಿಟ್ಟು ನೆತ್ತಿಗೇರಿ ಅಣ್ಣನ ಜೊತೆ ಜಗಳವಾಡಿದೆ, ಅಂಗಡಿಯವನನ್ನೂ ಬಾಯಿಗೆ ಬಂದಂತೆ ಬೈದೆ. ಅತ್ತಿಗೆ ಮಾತ್ರ ಯಾರನ್ನೂ ಬೈಯಲಿಲ್ಲ. ಎಸೆಯಲು ಇಟ್ಟಿದ್ದ ಹಳೆಯ ಚೈನುಗಳ ಬುಟ್ಟಿಯನ್ನು ಎಳೆದುಕೊಂಡು, ‘ಇದು ಕಲ್ಲಿನದೇ ಕಿತಾಪತಿ ಇರಬೇಕು’ ಎಂದು ಕೂತರು.

ಕಲ್ಲಿನದೂ ಇತ್ತು. ಅದರ ಅಂಚಿಗೆ ಕಬ್ಬಿಣದ ಪುಡಿ ಮೆತ್ತಿಕೊಂಡು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹಾಗಾದ ಕಲ್ಲು ಕೊಯ್ಯುವುದಿಲ್ಲ, ಉಜ್ಜಿ ಉಜ್ಜಿ ಕಾಯಿಸುತ್ತದೆ. ಮೇಲಾಗಿ ಮೇಸ್ತ್ರಿ ಮರಕ್ಕೆ ಒಯ್ಯುವ ಗರಗಸ ಚಿಕ್ಕದು, ಹಲ್ಲೂ ಚಿಕ್ಕವು. ಆ ದಪ್ಪ ಕಲ್ಲು ಹಲ್ಲಿನ ಒಳಬಾಗಿಗೆ ಇಳಿಯದೆ ಮೇಲೇ ತಿಕ್ಕಾಡುತ್ತಿತ್ತು. ಅತ್ತಿಗೆ ಮತ್ತೆ ಅದೇ ಅಂಗಡಿಗೆ ನಡೆದರು. ಈ ಸಲ ಒಂದೊಂದು ಕಲ್ಲನ್ನೂ ಬೆರಳಿಗೆ ತೂಗುಹಾಕಿ ಸ್ಕ್ರೂ ಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ ಕೇಳಿದರು. ಬಿರುಕಿದ್ದರೆ ಸದ್ದು ಮಂಕಾಗಿರುತ್ತದೆ. ಅಂಥದ್ದು ತಿರುಗುವಾಗ ಸಿಡಿದರೆ ಮುಖ ಉಳಿಯುವುದಿಲ್ಲ. ಕೊನೆಗೆ ಆರಿಸಿದ್ದು ತೆಳ್ಳನೆಯ, ಸ್ವಲ್ಪ ಮೆತ್ತಗಿನ ಗುಲಾಬಿ ಬಣ್ಣದ ಕಲ್ಲು. ಜೊತೆಗೆ, ಮೆತ್ತಿದ್ದನ್ನು ಕೆರೆದು ಅಂಚನ್ನು ಹದಕ್ಕೆ ತರುವ ಒಂದು ಗಟ್ಟಿ ತುಂಡು ಕಲ್ಲು.

‘ಇದು ಬೇಗ ಸವೆಯುತ್ತೆ ಮೇಡಂ,’ ಎಂದ ಅಂಗಡಿಯವನು.

‘ಸವೆಯೋದು ಕಲ್ಲಾಗ್ಲಿ ಬಿಡಿ. ಹಲ್ಲು ಬೇಡ.’

ಹೊಸ ಕಲ್ಲಿನಲ್ಲಿ ಕೆಲಸ ಎಷ್ಟೋ ಸುಧಾರಿಸಿತು. ಆದರೆ ಪೂರ್ತಿಯಲ್ಲ. ಚೆನ್ನಾಗಿ ಬಂತು ಎನ್ನುವಷ್ಟರಲ್ಲಿ ಯಾವುದೋ ಒಂದು ಹಲ್ಲು ನೀಲಿಯಾಗುತ್ತಿತ್ತು. ಇಡೀ ಬುಟ್ಟಿ ಖಾಲಿಯಾಗುತ್ತಾ ಬಂದರೂ ಕಾರಣ ತಿಳಿಯಲಿಲ್ಲ. ಅತ್ತಿಗೆ ಮೊದಲ ಬಾರಿಗೆ, ‘ಬಡಗಿಗೆ ಹೇಳಿಬಿಡಿ ಅನ್ನಲಾ ನಿಮ್ಮಣ್ಣನಿಗೆ?’ ಎಂದು ಕೇಳಿದರು. ನಾನು ಬುಟ್ಟಿಯನ್ನು ಅವರತ್ತ ತಳ್ಳಿದೆ. ‘ಇನ್ನೆರಡು ಚೈನ್ ಉಳಿದಿದೆಯಲ್ಲ, ಮುಗಿಸಿ ಹೇಳಿ,’ ಎಂದೆ.

ಅದರಲ್ಲಿ ಒಂದನ್ನು ಯಂತ್ರಕ್ಕೆ ಹಾಕುವಾಗ ಬೆಂಚಿನ ಮೇಲಿನ ದೀಪದ ಕತ್ತು ಸಡಿಲವಾಗಿ ಬಾಗಿಬಿಟ್ಟಿತು. ನನ್ನನ್ನು ಕೂಗಿದರೆ ನಾನು ಗಿರಾಕಿಯ ಜೊತೆಗಿದ್ದೆ. ಕಾಯುವುದು ಅವರ ಜಾಯಮಾನವಲ್ಲ. ಎಡಗೈಯಲ್ಲಿ ದೀಪ ಹಿಡಿದುಕೊಂಡು, ಬೇರೆ ದಾರಿಯಿಲ್ಲದೆ ನೋವಿನ ಬಲಗೈಯಿಂದ ತೋಳನ್ನು ಎಳೆದರು. ಆ ಕೈಗೆ ಒತ್ತುವ ಶಕ್ತಿಯೇ ಇರಲಿಲ್ಲ. ಎರಡು ಬೆರಳಲ್ಲಿ ಎಳೆದ ಕಲ್ಲು ಹಲ್ಲಿಗೆ ಸುಮ್ಮನೆ ಸೋಕಿತು, ಮೇಲೆದ್ದಿತು, ಮತ್ತೆ ಸೋಕಿತು. ಗೋಡೆಯಾಚೆ ನನಗೂ ಸದ್ದು ಬೇರೆಯಾದದ್ದು ಗೊತ್ತಾಯಿತು. ಕಿರುಚಾಟ ನಿಂತು ಸಣ್ಣಗೆ ಸರ್ ಸರ್ ಎನ್ನುತ್ತಿತ್ತು. ಗಿರಾಕಿಯನ್ನು ಬಿಟ್ಟು ಹೋಗಿ ನೋಡಿದರೆ ಅತ್ತಿಗೆ ದೀಪ ಹಿಡಿದುಕೊಂಡೇ ನಿಂತಿದ್ದರು. ಒಂದು ಹಲ್ಲೂ ನೀಲಿಯಾಗಿರಲಿಲ್ಲ.

‘ಇಷ್ಟು ವರ್ಷ ಅರ ಒತ್ತಿ ಒತ್ತಿ ಅಭ್ಯಾಸ ಕಣೋ,’ ಎಂದರು. ‘ಅರ ಒತ್ತಿದ್ರೆ ಕೊಯ್ಯುತ್ತೆ. ಕಲ್ಲು ಒತ್ತಿದ್ರೆ ಸುಡುತ್ತೆ. ನಾನು ಗಟ್ಟಿ ಕೈನ ಇದಕ್ಕೆ ಹಾಕಿ ಕೂತಿದ್ದೆ ನೋಡು.’

ಅಂದಿನಿಂದ ಯಂತ್ರದ ತೋಳಿಗೆ ಬಲಗೈಯ ಎರಡೇ ಬೆರಳು. ಎಲ್ಲಕ್ಕಿಂತ ಗಿಡ್ಡ ಹಲ್ಲನ್ನು ಮೊದಲು ಹುಡುಕಿ, ಉಳಿದವನ್ನು ಅದರ ಉದ್ದಕ್ಕೆ ತರುವುದು. ನಡುನಡುವೆ ಕಲ್ಲಿನ ಅಂಚು ಕೆರೆಯುವುದು. ಹಾಗೆ ಮಾಡಿದ ಒಂದು ಚೈನನ್ನು ಹಿಡಿದುಕೊಂಡು ಅತ್ತಿಗೆ ಮೇಸ್ತ್ರಿಯ ತಂಡ ಕೆಲಸ ಮಾಡುತ್ತಿದ್ದ ರಸ್ತೆಗೆ ಹೊರಟರು. ಅರದಲ್ಲಿ ಉಜ್ಜಿದ್ದು ಎಂದುಬಿಡಿ, ಅವರಿಗೇನು ಗೊತ್ತಾಗುತ್ತದೆ ಎಂದು ನಾನು ದಾರಿಯುದ್ದಕ್ಕೂ ಹೇಳಿದೆ. ‘ಆ ಚೈನ್ ಹಿಡ್ಕೊಂಡು ಮರ ಹತ್ತೋದು ನೀನಾ?’ ಎಂದು ಕೇಳಿ ನನ್ನ ಬಾಯಿ ಮುಚ್ಚಿಸಿದರು.

ರಸ್ತೆಯಲ್ಲಿ ದೊಡ್ಡ ಮರವೊಂದಕ್ಕೆ ಹಗ್ಗ ಹಾಕಿದ್ದರು. ಮೇಸ್ತ್ರಿ ಸೊಂಟಪಟ್ಟಿ ಬಿಗಿಯುತ್ತಿದ್ದರು.

‘ಇದು ಮಿಷನ್ನಿಂದಲೇ ಮಾಡಿದ್ದು ಅಣ್ಣ,’ ಎಂದರು ಅತ್ತಿಗೆ. ‘ಮೊದಲು ಕೆಳಗೆ ಕೊಯ್ದು ನೋಡಿ. ಸರಿ ಇಲ್ಲ ಅನ್ನಿಸಿದ್ರೆ ಮೇಲೆ ತಗೊಂಡು ಹೋಗಬೇಡಿ. ನಾನು ಇನ್ನು ಕೇಳೋದೂ ಇಲ್ಲ.’

ಮೇಸ್ತ್ರಿ ಹಲ್ಲುಗಳ ಮೇಲೆ ಉಗುರು ಆಡಿಸಿದರು. ಚೈನು ಹಾಕಿ, ಕೆಳಗೆ ಬಿದ್ದಿದ್ದ ದಿಮ್ಮಿಯ ಮೇಲೆ ಗರಗಸವನ್ನು ಇಟ್ಟರು. ಒತ್ತಲಿಲ್ಲ. ಅದು ತಾನಾಗಿ ಇಳಿಯುತ್ತಾ ಹೋಯಿತು, ದಪ್ಪ ಸಿಪ್ಪೆ ಅವರ ಬೂಟಿನ ಮೇಲೆ ಗುಡ್ಡೆ ಬಿತ್ತು. ಮೇಸ್ತ್ರಿ ಗರಗಸವನ್ನು ಸೊಂಟಪಟ್ಟಿಗೆ ಸಿಕ್ಕಿಸಿದರು. ಸೇತುವೆಯಾಚೆಯವನು ಉಜ್ಜಿದ ಇನ್ನೊಂದು ಚೈನನ್ನೂ ಜೇಬಿಗೆ ಹಾಕಿಕೊಂಡು ಹತ್ತಿಬಿಟ್ಟರು. ನಂಬಿಕೆ ಅರ್ಧವೇ ಎಂದು ನನಗೆ ಅರ್ಥವಾಯಿತು, ಅತ್ತಿಗೆಗೂ ಆಗಿರಬೇಕು.

ನಾವು ರಸ್ತೆಯ ಆ ಬದಿಯಲ್ಲಿ ನಿಂತೆವು. ಅತ್ತಿಗೆ ಸೆರಗಿನ ತುದಿಯನ್ನು ಹಿಂಡುತ್ತಾ ಮೇಲೆ ನೋಡುತ್ತಿದ್ದರು. ಒಂದು ಕೊಂಬೆ ಹಗ್ಗದಲ್ಲಿ ಇಳಿಯಿತು. ಇನ್ನೊಂದು. ದಪ್ಪನೆಯದಕ್ಕೆ ಗರಗಸ ಇಟ್ಟಾಗ ಅತ್ತಿಗೆ ಕಣ್ಣು ಮುಚ್ಚಿ ಬರೀ ಸದ್ದು ಕೇಳಿಸಿಕೊಂಡರು. ಸದ್ದು ಎಲ್ಲೂ ತಡವರಿಸಲಿಲ್ಲ, ಕೊಂಬೆ ಕೆಳಗೆ ಬಂತು. ಮರದ ಅರ್ಧ ಬರಿದಾಗುವವರೆಗೂ ಮೇಸ್ತ್ರಿಯ ಕೈ ಜೇಬಿಗೆ ಹೋಗಲಿಲ್ಲ.

ಊಟದ ಹೊತ್ತಿಗೆ ಇಳಿದು ಬಂದವರು ನೇರ ರಸ್ತೆ ದಾಟಿ ನಮ್ಮ ಕಡೆಗೆ ಬಂದರು. ಬೆವರು ಒರೆಸಿಕೊಂಡು, ಜೇಬಿನಿಂದ ಸೇತುವೆಯಾಚೆಯವನ ಚೈನನ್ನು ತೆಗೆದು ಅತ್ತಿಗೆಯ ಮುಂದೆ ಹಿಡಿದರು.

‘ಇದಕ್ಕೂ ಒಂದು ಸಲ ನಿನ್ನ ಕಲ್ಲು ಸೋಕಿಸಿಬಿಡು ತಂಗಿ,’ ಎಂದರು. ‘ಸಂಜೆ ಮೇಲಿನ ಕೊಂಬೆಗೆ ಬೇಕು.’