ಪೂಜೆಗಿಟ್ಟ ಪಾನಾ

ನಮ್ಮೂರು ಸಂಖದ ಲಾಲಸಾಬ ಕಾಕಾನ ಬಾಯಿಂದ ‘ಇಲ್ಲ’ ಎಂಬ ಮಾತನ್ನು ನಾನು ಒಮ್ಮೆ ಮಾತ್ರ ಕೇಳಿದ್ದೇನೆ. ಲಡಾಯಿಯ ಕಾಲಕ್ಕೆ ಪುಣೆಯಲ್ಲಿ ಮಿಲಿಟರಿ ಗಾಡಿಗಳ ರಿಪೇರಿ ಕಲಿತು ಬಂದವನು. ಊರಲ್ಲಿದ್ದದ್ದು ಒಂದೇ ಗಾಡಿ, ನಮ್ಮಣ್ಣ ಶ್ರೀಶೈಲಪ್ಪ ಲಿಲಾವಿನಲ್ಲಿ ಕೂಗಿ ಹಿಡಿದ ಹಳೇ ಜೀಪು. ಓಡಿಸುವವನು ನಾನು. ಒಂದು ಜೀಪಿಗೆ ಇಬ್ಬರು ಮಾಲಕರು, ಒಬ್ಬ ಡಾಕ್ಟರು ಎಂದು ಜನ ನಗುತ್ತಿದ್ದರು.

೧೯೫೨ರ ಖಂಡೇನವಮಿಯ ಹಿಂದಿನ ದಿನ ಕಾಕಾ ಗಾಲಿಗಳ ಸವೆದ ಬೋಲ್ಟುಗಳನ್ನು ಬಡಿದು ತೆಗೆದು, ತಾನೇ ಮೀರಜಿಗೆ ಹೋಗಿ ಆರಿಸಿ ತಂದ ಉದ್ದನೆಯ ಗಟ್ಟಿ ಬೋಲ್ಟು, ಹೊಸ ನಟ್ಟು ಕೂಡಿಸಿದ.

“ಹೊಸಾವು ಅದಾವ. ನಾಕ ಮೈಲ ಓಡಿದ ಮ್ಯಾಲೆ ಸಡ್ಲ ಆಗ್ತಾವ. ನಿಂದರಿಸಿ ಮತ್ತೊಮ್ಮಿ ಬಿಗೀಬೇಕ ನೋಡಪಾ,” ಎಂದು ನನಗೆ ಮೂರು ಸಲ ಹೇಳಿದ.

ನವಮಿಯ ಬೆಳಿಗ್ಗೆ ಮನೆಯ ಕುಡುಗೋಲು, ಕುರ್ಪಿ, ತಕ್ಕಡಿ ಎಲ್ಲವನ್ನೂ ತೊಳೆದು ಜಗಲಿಯ ಮೇಲೆ ಪೂಜೆಗಿಟ್ಟೆವು. ಗಾಲಿಯ ನಟ್ಟು ಬಿಗಿಯಲು ಇದ್ದ ಒಂದೇ ಪಾನಾವನ್ನು ಕಾಕಾ ತಾನೇ ಒರೆಸಿ ತಂದುಕೊಟ್ಟ. ಅಣ್ಣನ ಹೆಂಡತಿ, ನಮ್ಮ ವೈನಿ ಸಿದ್ದಲಿಂಗವ್ವ ಅದಕ್ಕೆ ವಿಭೂತಿ ಹಚ್ಚಿ ಚೆಂಡುಹೂ ಏರಿಸಿದಳು. ಹಾಗೆ ಇಟ್ಟ ಸಾಮಾನನ್ನು ಮರುದಿನದವರೆಗೆ ಯಾರೂ ಎತ್ತುವುದಿಲ್ಲ.

ಮಧ್ಯಾಹ್ನ ಕಾಕಾ ಓಡಿಬಂದ. ಹೆರಿಗೆಗೆ ತವರಿಗೆ ಬಂದಿದ್ದ ಮಗಳು ಸಾಬೇರಾಗೆ ಬೆಳಗಿನಿಂದ ಬೇನೆ, ಕೂಸು ಅಡ್ಡ ನಿಂತಿದೆ, ಸೂಲಗಿತ್ತಿ ಕೈಚೆಲ್ಲಿದ್ದಾಳೆ. ಜತ್ತದ ದವಾಖಾನೆಗೆ ಒಯ್ಯಬೇಕು. ಅಣ್ಣ ಹಿಂದೆಮುಂದೆ ನೋಡಲಿಲ್ಲ.

“ಜೀವಾ ಮೊದಲ. ಲಗೂನ ಹೋಗ್ರಿ!” ಎಂದು ಜೀಪಿಗೆ ಕಟ್ಟಿದ್ದ ಮಾಲೆಯನ್ನು ತಾನೇ ಹರಿದ.

ಕಾಕಾ ಜಗಲಿಯ ಮೇಲಿನ ಪಾನಾ ನೋಡಿದ. ನಾನೂ ನೋಡಿದೆ. ಕೇಳಿದ್ದರೆ ವೈನಿ ಒಲ್ಲೆ ಎನ್ನುತ್ತಿರಲಿಲ್ಲ. ಆದರೆ ಗಾಡಿ ಕೊಟ್ಟವರ ಮನೆಯ ಪೂಜೆಗೆ ಕೈಹಾಕಲು ಅವನಿಗೆ ಸಂಕೋಚ. ನಾನಾದರೂ ಎತ್ತಿಕೊಳ್ಳಬಹುದಿತ್ತು. ಏನಾಗುತ್ತದೆ ಬಿಡು ಎಂದುಕೊಂಡೆ. ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ದಾರಿಯ ಮೇಲಿನ ಮಾಡಗ್ಯಾಳ ಇನ್ನೂ ದೂರವಿರುವಾಗ ಮುಂದಿನ ಗಾಲಿ ಕಟಕಟ ಎನ್ನತೊಡಗಿತು. ಇಳಿದು ನೋಡಿದರೆ ನಟ್ಟುಗಳು ಬೆರಳಿಗೇ ತಿರುಗುತ್ತಿದ್ದವು. ಕಾಕಾ ರುಮಾಲು ಸುತ್ತಿ ಕೈಯಿಂದಲೇ ಬಿಗಿದ. ಒಂದು ಫರ್ಲಾಂಗು ಹೋಗುವಷ್ಟರಲ್ಲಿ ಮತ್ತೆ ಕಟಕಟ. ಮತ್ತೆ ಇಳಿದ. ತಿರುಗಿ ಹೋಗಬೇಕೆಂದರೂ ಅದೇ ಗಾಲಿ ಉರುಳಬೇಕಲ್ಲ! ಕುರಿ ಕಾಯುವವರನ್ನು ಕೇಳಿದೆವು. ಅವರ ಹತ್ತಿರ ಕೊಡಲಿ ಇತ್ತು, ಪಾನಾ ಎಲ್ಲಿಂದ ಬರಬೇಕು?

“ಅಬ್ಬಾ, ಯಾಕ ನಿಂದರಸ್ತೀರಿ? ನಿಂದರಸಬ್ಯಾಡ್ರಿ,” ಹಿಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ಹೊರಳಾಡುತ್ತ ಸಾಬೇರಾ ಅಪ್ಪನನ್ನು ಕೂಗುತ್ತಿದ್ದಳು.

“ಬಂತ ಬೇಟಾ, ಜತ್ತ ಬಂತು,” ಎನ್ನುತ್ತಿದ್ದ ಕಾಕಾ.

ಜತ್ತ ಇನ್ನೂ ಹದಿನೈದು ಮೈಲಿ ಇತ್ತು. ಅವನ ಬೆರಳ ತುದಿ ಸುಲಿದು ನಟ್ಟುಗಳು ರಕ್ತಕ್ಕೆ ಜಾರುತ್ತಿದ್ದವು. ನಾನೂ ಇಳಿದು ತಿರುವಿದೆ. ಅದು ಕೈಯಿಂದ ಆಗುವ ಕೆಲಸವೇ ಅಲ್ಲ.

ಜತ್ತ ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ಸಾಬೇರಾ ಉಳಿದಳು, ಕೂಸು ಉಳಿಯಲಿಲ್ಲ. ಒಂದು ತಾಸು ಮೊದಲು ತಂದಿದ್ದರೆ ಎಂದರು ಡಾಕ್ಟರು. ಕಾಕಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುವರ್ಷ ನವಮಿಗೆ ವೈನಿ ಎಂದಿನಂತೆ ಕೈಚಾಚಿದಳು. “ಪಾನಾ ಕೊಡ್ರಿ ಲಾಲಸಾಬ, ಪೂಜಾಕ್ಕ ಇಡೂಣು.”

“ಇಲ್ಲರಿ ಅವ್ವಾರ.”

ಅವತ್ತು ದಿನವಿಡೀ ಅವನು ಪಾನಾ ಹಿಡಿದುಕೊಂಡು ನಮ್ಮ ಕಟ್ಟೆಯ ಮೇಲೆ, ಜೀಪಿನ ಪಕ್ಕದಲ್ಲೇ ಕೂತಿದ್ದ. ವೈನಿ ಹೊರಗೆ ಬಂದು, ಅವನ ಕೈಯಲ್ಲಿದ್ದಂತೆಯೇ ಅದಕ್ಕೆ ವಿಭೂತಿ ಹಚ್ಚಿ ಒಳಗೆ ಹೋದಳು.